ಮರ್ಸಿ ದಂಡೆಯಲ್ಲೊಂದು ಕರಾರುಪತ್ರ

ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ಹೊರಟ ರೈಲು ಎರಡು ಗಂಟೆಗಿಂತ ತುಸು ಹೆಚ್ಚಿನ ಅವಧಿಯಲ್ಲಿ ಪ್ರವಾಸಿಗನನ್ನು ಲಿವರ್‌ಪೂಲ್ ನಗರದ ಲೈಮ್ ಸ್ಟ್ರೀಟ್ ನಿಲ್ದಾಣಕ್ಕೆ ತಂದು ಇಳಿಸುತ್ತದೆ. ಹೊರಗೆ ಕಾಲಿಟ್ಟೊಡನೆಯೇ ಎದುರಿಗೆ ಸೇಂಟ್ ಜಾರ್ಜ್ ಭವನದ ಭಾರಿ ಕಂಬಗಳು. ಅಲ್ಲಿಂದ ಇಳಿಜಾರಿನಲ್ಲಿ ಪಶ್ಚಿಮಕ್ಕೆ ನಡೆದರೆ ಗಾಳಿಯಲ್ಲಿ ಉಪ್ಪಿನ ವಾಸನೆ, ತಲೆಯ ಮೇಲೆ ಕಡಲಹಕ್ಕಿಗಳ ಕೂಗು, ಕೊನೆಗೆ ಮರ್ಸಿ ನದಿಯ ಅಗಲವಾದ, ಬೂದು ಬಣ್ಣದ ನೀರು. ನದಿಯು ಐರಿಷ್ ಸಮುದ್ರವನ್ನು ಕೂಡುವ ಈ ಅಳಿವೆಯ ಪೂರ್ವದಂಡೆಯ ಮೇಲೆ ಮೂರು ಭವ್ಯ ಕಟ್ಟಡಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ 1911ರಲ್ಲಿ ಮುಗಿದ ರಾಯಲ್ ಲಿವರ್ ಕಟ್ಟಡದ ಗೋಪುರಗಳ ಮೇಲೆ ತಾಮ್ರದ ಎರಡು ಹಕ್ಕಿಗಳು ರೆಕ್ಕೆ ಬಿಚ್ಚಿ ಕುಳಿತಿವೆ. ಅವು ಹಾರಿಹೋದ ದಿನ ಊರು ಹಾಳಾಗುವುದೆಂದು ಜನ ಹೇಳುತ್ತಾರೆ. ಹಕ್ಕಿಗಳನ್ನು ಉಕ್ಕಿನ ಹಗ್ಗಗಳಿಂದ ಬಿಗಿದಿರುವುದರಿಂದ ಸದ್ಯಕ್ಕೆ ಆ ಭಯವಿಲ್ಲ.

ಈ ನಗರವು ತಾನೇ ಏನನ್ನೋ ತಯಾರಿಸಿ ಬೆಳೆದದ್ದಕ್ಕಿಂತ ಹೆಚ್ಚಾಗಿ ಒಬ್ಬರು ಬೆಳೆದುದನ್ನು ಇನ್ನೊಬ್ಬರಿಗೆ ದಾಟಿಸಿ ಬೆಳೆದದ್ದು. 1715ರಲ್ಲಿ ಇಲ್ಲಿ ಕಟ್ಟಿದ ಹಡಗುಕಟ್ಟೆಯು ವಾಣಿಜ್ಯಕ್ಕೆಂದೇ ಕಟ್ಟಿದ, ನೀರಿನ ಮಟ್ಟವನ್ನು ಬಾಗಿಲಿನಿಂದ ತಡೆದಿಡುವ ಕಟ್ಟೆಗಳಲ್ಲಿ ಜಗತ್ತಿಗೇ ಮೊದಲನೆಯದು. ಹದಿನೆಂಟನೆಯ ಶತಮಾನದಲ್ಲಿ ಗುಲಾಮರ ವ್ಯಾಪಾರದ ಪಾಪದ ಹಣವೂ ಇಲ್ಲಿಗೆ ಹೇರಳವಾಗಿ ಹರಿದು ಬಂದಿತು. 1807ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಅದನ್ನು ನಿಷೇಧಿಸಿದ ಮೇಲೆ ಹತ್ತಿಯೇ ಊರಿನ ಉಸಿರಾಯಿತು. ಅಮೆರಿಕೆಯ ಹತ್ತಿ ಇಲ್ಲಿಳಿದು ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹೋಗುತ್ತಿತ್ತು. 1861ರಿಂದ 1865ರ ವರೆಗೆ ಅಮೆರಿಕೆಯಲ್ಲಿ ಅಂತರ್ಯುದ್ಧ ನಡೆದು ಆ ಹತ್ತಿ ಬಾರದೆ ಹೋದಾಗ ಕನ್ನಡನಾಡಿನ ಕಪ್ಪುಮಣ್ಣಿಗೂ ಈ ಬಂದರಿಗೂ ನಂಟು ಬಲಿಯಿತು. ಧಾರವಾಡ ಸೀಮೆಯ ಹತ್ತಿಯು ಘಟ್ಟವಿಳಿದು ಕುಮಟೆಯ ಬಂದರನ್ನು ಸೇರಿ, ಮುಂಬಯಿಯ ಮೂಲಕ ಲಿವರ್‌ಪೂಲನ್ನು ಮುಟ್ಟುತ್ತಿತ್ತು. ಇಲ್ಲಿಯ ಪೇಟೆಯ ದರಪಟ್ಟಿಯಲ್ಲಿ ಧಾರವಾಡದ ಹೆಸರು ಅಚ್ಚಾಗುತ್ತಿತ್ತು. ಗೋವಿನಜೋಳದ ಹೊಲದ ಪಕ್ಕದಲ್ಲಿ ಹತ್ತಿ ಬಿಡಿಸಿದ ಒಕ್ಕಲಿಗನಿಗೆ ಆ ಪಟ್ಟಿಯನ್ನು ಕಂಡವರಾರೆಂಬುದು ತಿಳಿದಿರಲಾರದು.

ಕಂಡವರು ದಲ್ಲಾಳಿಗಳು. ಮಾರುವವನ ಪರವಾಗಿ ಒಬ್ಬ ದಲ್ಲಾಳಿ, ಕೊಳ್ಳುವವನ ಪರವಾಗಿ ಮತ್ತೊಬ್ಬ ದಲ್ಲಾಳಿ. ಇಬ್ಬರೂ ನೂರಕ್ಕಿಷ್ಟೆಂದು ಮುರಿದುಕೊಂಡು ಬದುಕುತ್ತಿದ್ದರು. ಹಡಗುಗಳಿಗೆ ಏಜೆಂಟರು, ವಿಮೆಗೆ ಏಜೆಂಟರು, ವಲಸೆ ಹೋಗುವವರಿಗೆ ಏಜೆಂಟರು. ಇಂತಹ ಊರಿನಲ್ಲಿ, ಹಾಡುವ ನಾಲ್ಕು ಹುಡುಗರಿಗೆ ಏಜೆಂಟನೊಬ್ಬನು ಬೇಕೆ ಬೇಡವೆ ಎಂಬ ಪ್ರಶ್ನೆಯು ಹುಟ್ಟಿ, ಮನೆಮನೆಯ ಅಡುಗೆಮನೆಗಳಲ್ಲಿ ಚರ್ಚೆಗೆ ಬಂದದ್ದು ಆಶ್ಚರ್ಯವಲ್ಲ. ಆ ಹುಡುಗರ ಮೇಳದ ಹೆಸರು ಬೀಟಲ್ಸ್. ಅವರ ಹಾಡುಗಳನ್ನು ಕೇಳಲೆಂದು ಲಿವರ್‌ಪೂಲಿಗೆ ಬರುವವರು ಲಕ್ಷಗಟ್ಟಲೆ. ಆದರೆ ಆ ಹಾಡುಗಳು ಊರಿನ ಗಡಿ ದಾಟಲು ಕಾರಣವಾದ ಕಾಗದಪತ್ರಗಳ ಜಾಡು ಹಿಡಿದು ಇದೇ ಬೀದಿಗಳಲ್ಲಿ ನಡೆಯುವುದು ಇನ್ನೊಂದು ಬಗೆಯ ಪ್ರವಾಸ. ನಗರದ ಮಧ್ಯಭಾಗದ ಎಡೆಗಳನ್ನೆಲ್ಲ ಒಂದು ಮಧ್ಯಾಹ್ನದಲ್ಲಿ ಕಾಲ್ನಡಿಗೆಯಿಂದಲೇ ಮುಗಿಸಬಹುದು.

ಮೊದಲು ಹೋಗಬೇಕಾದುದು ಸ್ಲೇಟರ್ ಸ್ಟ್ರೀಟಿಗೆ. ಅಲ್ಲಿ ಜಕರಂಡ ಎಂಬ ಕಾಫಿಯಂಗಡಿ ಇದೆ. ಗಡಿಯಾರ ದುರಸ್ತಿಯ ಹಳೆಯ ಅಂಗಡಿಯೊಂದನ್ನು ಹಿಡಿದು ಅದನ್ನು 1958ರಲ್ಲಿ ತೆರೆದವನು ಆಲನ್ ವಿಲಿಯಮ್ಸ್ ಎಂಬ ಗಟ್ಟಿ ಬಾಯಿಯ, ಗಿಡ್ಡ ಮೈಕಟ್ಟಿನ ಮನುಷ್ಯ. ಹತ್ತಿರದ ಕಲಾಶಾಲೆಯ ವಿದ್ಯಾರ್ಥಿಗಳು ಅಲ್ಲಿ ಒಂದು ಬಟ್ಟಲು ಕಾಫಿಗೆ ಅರ್ಧ ದಿನ ಕುಳಿತಿರುತ್ತಿದ್ದರು. ಜಾನ್ ಲೆನನ್ ಮತ್ತು ಅವನ ಗೆಳೆಯ ಸ್ಟುವರ್ಟ್ ಸಟ್‌ಕ್ಲಿಫ್ ಅಂತಹವರಲ್ಲಿಬ್ಬರು; ಹೆಂಗಸರ ಶೌಚಗೃಹದ ಗೋಡೆಗೆ ಚಿತ್ರ ಬರೆದುಕೊಡುವ ಕೆಲಸ ಮೊದಲು ಸಿಕ್ಕಿತು, ಹಾಡುವ ಕೆಲಸ ಆ ಮೇಲೆ. ನೆಲಮಾಳಿಗೆಯಲ್ಲಿ ನುಡಿಸುತ್ತಿದ್ದ ವೆಸ್ಟ್ ಇಂಡೀಸಿನ ಉಕ್ಕಿನ ವಾದ್ಯದವರಿಗೆ ಸೋಮವಾರ ರಜೆ. ಆ ಸೋಮವಾರಗಳನ್ನು ವಿಲಿಯಮ್ಸನು ಹುಡುಗರಿಗೆ ಕೊಟ್ಟನು. ಸಂಭಾವನೆಯೆಂದರೆ ಸುಟ್ಟ ಬ್ರೆಡ್ಡಿನ ಮೇಲೆ ಬೇಯಿಸಿದ ಅವರೆಕಾಳಿನಂತಹ ಬೀನ್ಸ್ ಮತ್ತು ಒಂದು ಶೀಸೆ ಕೋಕಾಕೋಲ.

ವಿಲಿಯಮ್ಸನು ಅವರ ಬುಕಿಂಗ್ ಏಜೆಂಟನಾದದ್ದು ಹೀಗೆ, ಯಾರೂ ಕುಳಿತು ಯೋಚಿಸಿ ನಿರ್ಧರಿಸದೆಯೇ. 1960ರ ಮೇ ತಿಂಗಳಲ್ಲಿ ಲಂಡನ್ನಿನ ಲ್ಯಾರಿ ಪಾರ್ನ್ಸ್ ಎಂಬ ವ್ಯವಸ್ಥಾಪಕನಿಗೆ ಸ್ಕಾಟ್ಲೆಂಡಿನ ಸಣ್ಣ ಊರುಗಳಲ್ಲಿ ತನ್ನ ಹಾಡುಗಾರನೊಬ್ಬನ ಹಿಂದೆ ನುಡಿಸಲು ಅಗ್ಗದ ಮೇಳವೊಂದು ಬೇಕಾಯಿತು. ವಿಲಿಯಮ್ಸನು ಹುಡುಗರನ್ನು ಕಳುಹಿಸಿದನು. ತಲೆಗೆ ವಾರಕ್ಕೆ 18 ಪೌಂಡು. ಅದರಲ್ಲಿಯೇ ಊಟ ತಿಂಡಿಗಳ ವೆಚ್ಚ. ಅದೇ ಆಗಸ್ಟಿನಲ್ಲಿ ಜರ್ಮನಿಯ ಹ್ಯಾಂಬರ್ಗಿನ ಬ್ರೂನೋ ಕೋಶ್ಮಿಡರ್ ಎಂಬ ಕ್ಲಬ್ಬಿನ ಮಾಲಿಕನೊಡನೆ ಕರಾರು ಕುದುರಿಸಿ, ತಾನೇ ವ್ಯಾನಿನಲ್ಲಿ ಅವರನ್ನು ತುಂಬಿಕೊಂಡು ಸಮುದ್ರ ದಾಟಿಸಿ ಹ್ಯಾಂಬರ್ಗ್ ಮುಟ್ಟಿಸಿದನು. ಕೆಲಸದ ಪರವಾನಗಿ ಯಾರ ಬಳಿಯಲ್ಲಿಯೂ ಇರಲಿಲ್ಲ.

1960ರ ಆಗಸ್ಟ್ 17ರಂದು ಇಂದ್ರ ಎಂಬ ಕ್ಲಬ್ಬಿನಲ್ಲಿ ಆಟ ಆರಂಭವಾಯಿತು. ಭಾರತೀಯ ಓದುಗರಿಗೆ ಈ ಹೆಸರು ಕುತೂಹಲವನ್ನುಂಟು ಮಾಡೀತು. ಆದರೆ ಆ ಜಾಗದಲ್ಲಿ ದೇವಲೋಕದ ಲಕ್ಷಣವಾವುದೂ ಇರಲಿಲ್ಲ. ತಲೆಗೆ ದಿನಕ್ಕೆ 30 ಮಾರ್ಕು ಕೂಲಿ, ವಾರದಲ್ಲಿ ಏಳು ದಿನ, ದಿನಕ್ಕೆ ನಾಲ್ಕೂವರೆ ಗಂಟೆ, ಶನಿವಾರ ಭಾನುವಾರಗಳಲ್ಲಿ ಆರು ಗಂಟೆ. ಮಲಗಲು ಸಿನಿಮಾ ಮಂದಿರವೊಂದರ ತೆರೆಯ ಹಿಂದಿನ ಕಿಟಕಿಯಿಲ್ಲದ ಉಗ್ರಾಣ, ಮುಖ ತೊಳೆಯಲು ಪಕ್ಕದ ಶೌಚಗೃಹ. ಕರಾರಿನಲ್ಲಿ ಎಲ್ಲವೂ ಇದ್ದಿತು, ಹಾಸಿಗೆಯೊಂದನ್ನು ಬಿಟ್ಟು! ಆದರೂ ಆ ಗಂಟೆಗಟ್ಟಲೆಯ ದುಡಿಮೆಯೇ ಅವರನ್ನು ಮೇಳವನ್ನಾಗಿ ಮಾಡಿತೆಂಬುದನ್ನು ಅವರ ಚರಿತ್ರೆ ಬರೆದವರೆಲ್ಲರೂ ಒಪ್ಪುತ್ತಾರೆ. ಹೆಚ್ಚು ಕೂಲಿ ಕೊಡುವ ಬೇರೆ ಕ್ಲಬ್ಬಿನ ಕಡೆಗೆ ಹುಡುಗರ ಮನಸ್ಸು ವಾಲಿದೊಡನೆ ಕೋಶ್ಮಿಡರನು ಕರಾರನ್ನು ಮುರಿದನು. ಹದಿನೇಳು ವರ್ಷದ ಜಾರ್ಜ್ ಹ್ಯಾರಿಸನ್ ಅಪ್ರಾಪ್ತವಯಸ್ಕನೆಂದು ನವೆಂಬರಿನಲ್ಲಿ ಗಡೀಪಾರಾದನು. ಬೆನ್ನಲ್ಲೇ ಪಾಲ್ ಮೆಕಾರ್ಟ್ನಿಯೂ ಡ್ರಮ್ ಬಾರಿಸುತ್ತಿದ್ದ ಪೀಟ್ ಬೆಸ್ಟನೂ ಊರಿಗೆ ಮರಳಬೇಕಾಯಿತು.

1961ರ ವಸಂತದಲ್ಲಿ ಅವರು ಮತ್ತೆ ಹ್ಯಾಂಬರ್ಗಿಗೆ ಹೋದರು. ಈ ಬಾರಿ ಟಾಪ್ ಟೆನ್ ಎಂಬ ಕ್ಲಬ್ಬಿನ ಮಾಲಿಕನೊಡನೆ ತಾವೇ ಮಾತನಾಡಿ ವ್ಯವಹಾರ ಮುಗಿಸಿಕೊಂಡಿದ್ದರು. ಆದುದರಿಂದ ವಿಲಿಯಮ್ಸನಿಗೆ ದಲ್ಲಾಳಿ ಹಣ ಸಲ್ಲಬೇಕಾಗಿಲ್ಲವೆಂದು ತೀರ್ಮಾನಿಸಿ ಸ್ಟುವರ್ಟನಿಂದ ಪತ್ರ ಬರೆಸಿದರು. ವಿಲಿಯಮ್ಸನಿಗೆ ಮೈಯೆಲ್ಲ ಉರಿಯಿತು. ತಾನು ತೋರಿಸದಿದ್ದರೆ ಈ ಹುಡುಗರು ಹ್ಯಾಂಬರ್ಗಿನ ದಾರಿಯನ್ನೇ ಕಾಣುತ್ತಿರಲಿಲ್ಲವೆಂಬುದು ಅವನ ವಾದ. ಇನ್ನು ಮುಂದೆ ಎಲ್ಲಿಯೂ ಕೆಲಸ ಸಿಕ್ಕದಂತೆ ಮಾಡಿಸುವೆನೆಂದು ಏಪ್ರಿಲ್ ತಿಂಗಳಲ್ಲಿ ಖಾರವಾದ ಪತ್ರವೊಂದನ್ನು ಬರೆದನು. ಹಣ ಬರಲಿಲ್ಲ, ಸ್ನೇಹವೂ ಹೋಯಿತು.

ನ್ಯಾಯವಾಗಿ ನೋಡಿದರೆ ಇಬ್ಬರ ಕಡೆಯಲ್ಲಿಯೂ ಮಾತುಂಟು. ಬುಕಿಂಗ್ ಏಜೆಂಟನ ಕೆಲಸವೆಂದರೆ ಆಟಗಳನ್ನು ಗೊತ್ತುಪಡಿಸುವುದು: ಸಭಾಂಗಣದವನೊಡನೆ ದಿನ ಮತ್ತು ದರವನ್ನು ಕುದುರಿಸಿ, ಬಂದ ಸಂಭಾವನೆಯಲ್ಲಿ ಸಾಮಾನ್ಯವಾಗಿ ಹತ್ತನೆಯ ಒಂದು ಪಾಲನ್ನು ಮುರಿದುಕೊಳ್ಳುವುದು. ಮ್ಯಾನೇಜರನು ಇವನಿಗಿಂತ ಭಿನ್ನ. ಕಲಾವಿದನ ಉಡುಪಿನಿಂದ ಹಿಡಿದು ಮುಂದಿನ ಐದು ವರ್ಷದ ಬಾಳಿನ ವರೆಗೆ ಎಲ್ಲದರ ಹೊಣೆ ಅವನದು. ಆಟವನ್ನು ತನ್ನ ಕೈಯ ಹಣದಿಂದ ಏರ್ಪಡಿಸಿ, ಟಿಕೆಟ್ಟು ಖರ್ಚಾಗದಿದ್ದರೆ ಮುಳುಗುವವನು ಮೂರನೆಯವನು. ಲಿವರ್‌ಪೂಲಿನಲ್ಲಿ ಆ ಕಾಲಕ್ಕೆ ಈ ಮೂರೂ ಟೋಪಿಗಳನ್ನು ಒಬ್ಬನೇ ಧರಿಸುವುದು ವಾಡಿಕೆಯಾಗಿತ್ತು. ಜಗಳದ ಬೇರು ಇದ್ದುದು ಇಲ್ಲಿಯೇ. ಒಬ್ಬನು ಮೊದಲು ತೆರೆದ ಬಾಗಿಲಿನೊಳಗೆ ಎರಡನೆಯ ಸಲ ಮೇಳವು ತಾನಾಗಿಯೇ ಹೋದರೆ ಅವನಿಗೆ ಪಾಲುಂಟೆ? ಇಂದಿಗೂ ಹೊಸ ಮೇಳವೊಂದು ಸಹಿಗೆ ಕೈಚಾಚುವ ಮುನ್ನ ಮೊದಲು ಹುಡುಕಿ ಓದಬೇಕಾದ ಸಾಲು ಅದು. ವಿಲಿಯಮ್ಸನೂ ಹುಡುಗರೂ ಅಂತಹ ಸಾಲನ್ನು ಬರೆದಿಟ್ಟುಕೊಂಡಿರಲಿಲ್ಲ.

ಏಜೆಂಟನಿಲ್ಲದ ಆ ದಿನಗಳಲ್ಲಿ ಕೆಲಸ ನಡೆಯಲಿಲ್ಲವೆಂದಲ್ಲ. ಪೀಟ್ ಬೆಸ್ಟನ ತಾಯಿ ಮೋನಾ ತಮ್ಮ ವೆಸ್ಟ್ ಡಾರ್ಬಿಯ ದೊಡ್ಡ ಮನೆಯ ನೆಲಮಾಳಿಗೆಯಲ್ಲಿ 1959ರಲ್ಲಿಯೇ ಕ್ಯಾಸ್ಬಾ ಎಂಬ ಕಾಫಿ ಕ್ಲಬ್ಬನ್ನು ತೆರೆದಿದ್ದರು. ತಾಯಿಮಗನಿಬ್ಬರೂ ಟೆಲಿಫೋನಿನ ಬಳಿ ಕುಳಿತು ಆಟಗಳನ್ನು ಒಪ್ಪಿಕೊಳ್ಳುತ್ತಿದ್ದರು, ದಿನಚರಿಯಲ್ಲಿ ಬರೆದಿಡುತ್ತಿದ್ದರು, ಹಣ ಎಣಿಸಿ ಹಂಚುತ್ತಿದ್ದರು. ಬಹುತೇಕ ಮೇಳಗಳು ಬಾಳುವುದು ಹೀಗೆಯೇ. ಹೆಚ್ಚಿನವುಗಳಿಗೆ ಇಷ್ಟು ಸಾಕು. ಆದರೆ ಟೆಲಿಫೋನು ಯಾವಾಗಲೂ ಅದೇ ಸಭಾಂಗಣಗಳಿಂದ, ಅದೇ ದರಕ್ಕೆ ಮೊಳಗುತ್ತಿತ್ತು. ಮರ್ಸಿಯ ಎರಡು ದಂಡೆಗಳನ್ನು ಬಿಟ್ಟು ಆಚೆಗೆ ಅವರ ಹೆಸರನ್ನು ಕೇಳಿದವರಿರಲಿಲ್ಲ.

ಅವರ ಆಟಗಳಿಗೆಲ್ಲ ಮುಖ್ಯವಾದ ತಾಣವು ಮ್ಯಾಥ್ಯೂ ಸ್ಟ್ರೀಟಿನಲ್ಲಿದ್ದಿತು. ಹಣ್ಣು ತರಕಾರಿಗಳ ಉಗ್ರಾಣಗಳಿದ್ದ ಇಕ್ಕಟ್ಟಾದ ಬೀದಿ. ಅದರ ಒಂದು ಉಗ್ರಾಣದ ಅಡಿಯ ನೆಲಮಾಳಿಗೆಯಲ್ಲಿ 1957ರ ಜನವರಿ 16ರಂದು ಜಾಸ್ ಸಂಗೀತಕ್ಕಾಗಿ ತೆರೆದ ಕ್ಯಾವರ್ನ್ ಕ್ಲಬ್. ಕಲ್ಲಿನ ಮೆಟ್ಟಿಲಿಳಿದರೆ ಇಟ್ಟಿಗೆಯ ಕಮಾನುಗಳುಳ್ಳ ಮೂರು ಸುರಂಗಗಳು. ಗಾಳಿಗೆ ದಾರಿಯಿಲ್ಲ, ಬೆವರು ಆವಿಯಾಗಿ ಏರಿ ಚಾವಣಿಯಿಂದ ಸುಣ್ಣದೊಡನೆ ಹನಿಯುತ್ತಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಆಫೀಸಿನ ಹುಡುಗಿಯರೂ ಗುಮಾಸ್ತರೂ ಕೈಯಲ್ಲಿ ತಿಂಡಿಯ ಪೊಟ್ಟಣ ಹಿಡಿದು ಇಲ್ಲಿಗಿಳಿಯುತ್ತಿದ್ದರು. 1961ರ ಫೆಬ್ರವರಿಯಲ್ಲಿ ಬೀಟಲ್ಸ್ ಎಂಬ ಹೆಸರಿನಿಂದ ಮೊದಲ ಸಲ ಇಲ್ಲಿ ನುಡಿಸಿದಾಗ ಇಡೀ ಮೇಳಕ್ಕೆ ಸಂದದ್ದು 5 ಪೌಂಡು.

ಕ್ಯಾವರ್ನಿನಿಂದ ಮೂರು ನಿಮಿಷ ನಡೆದರೆ ವೈಟ್‌ಚಾಪೆಲ್ ಬೀದಿ. ಅಲ್ಲಿ ನೆಮ್ಸ್ ಎಂಬ ಗ್ರಾಮಫೋನ್ ಮತ್ತು ಪೀಠೋಪಕರಣಗಳ ಅಂಗಡಿಯಿದ್ದಿತು. ಶ್ರೀಮಂತ ವರ್ತಕ ಕುಟುಂಬದ ಹಿರಿಯ ಮಗ ಬ್ರಯನ್ ಎಪ್‌ಸ್ಟೀನ್ ಅದರ ರೆಕಾರ್ಡು ವಿಭಾಗವನ್ನು ನೋಡಿಕೊಳ್ಳುತ್ತಿದ್ದನು. ವಯಸ್ಸು ಇಪ್ಪತ್ತೇಳು. ನಟನಾಗಬೇಕೆಂದು ಲಂಡನ್ನಿನ ನಾಟಕ ಶಾಲೆಯನ್ನು ಸೇರಿ ಅರ್ಧಕ್ಕೆ ಬಿಟ್ಟುಬಂದವನು. ಸೈನ್ಯದ ಸೇವೆಯೂ ಹೊಂದಿರಲಿಲ್ಲ. ಅಚ್ಚುಕಟ್ಟಾದ ಉಡುಪು, ಮೃದುವಾದ ಮಾತು. ಗಿರಾಕಿ ಕೇಳಿದ ರೆಕಾರ್ಡು ಎಷ್ಟೇ ಅಪರೂಪದ್ದಾಗಿರಲಿ, ತರಿಸಿಕೊಡುವುದು ಆತನ ಹೆಮ್ಮೆ. ಜರ್ಮನಿಯಲ್ಲಿ ಮುದ್ರಿತವಾದ ಬೀಟಲ್ಸರ ರೆಕಾರ್ಡೊಂದನ್ನು ಹುಡುಗನೊಬ್ಬ ಕೇಳಿದಾಗಲೇ ಆ ಹೆಸರು ಮೊದಲ ಬಾರಿಗೆ ಆತನ ಕಿವಿಗೆ ಬಿದ್ದಿತೆಂಬ ಕತೆ ಬಹಳ ಪ್ರಸಿದ್ಧವಾಗಿದೆ. ನಂಬುವುದು ಕಷ್ಟ. 'ಮರ್ಸಿ ಬೀಟ್' ಎಂಬ ಸ್ಥಳೀಯ ಪತ್ರಿಕೆ ಆತನ ಅಂಗಡಿಯಲ್ಲಿಯೇ ಮಾರಾಟವಾಗುತ್ತಿದ್ದಿತು, ಅದರಲ್ಲಿ ಆತನೇ ಅಂಕಣ ಬರೆಯುತ್ತಿದ್ದನು, ಅದರ ಮುಖಪುಟದಲ್ಲಿಯೇ ಬೀಟಲ್ಸರ ಸುದ್ದಿ ಬಂದಿದ್ದಿತು. ಅದೇನೇ ಇರಲಿ, 1961ರ ನವೆಂಬರ್ 9ರ ಮಧ್ಯಾಹ್ನ ಸೂಟು ಧರಿಸಿದ ಎಪ್‌ಸ್ಟೀನನು ತನ್ನ ಸಹಾಯಕ ಅಲಿಸ್ಟೇರ್ ಟೇಲರನೊಡನೆ ಆ ಒದ್ದೆಯ ಮೆಟ್ಟಿಲುಗಳನ್ನಿಳಿದನು.

ಚರ್ಮದ ಕೋಟು ತೊಟ್ಟು, ವೇದಿಕೆಯ ಮೇಲೆಯೇ ಸಿಗರೇಟು ಸೇದುತ್ತ, ತಿನ್ನುತ್ತ, ಪ್ರೇಕ್ಷಕರಿಗೆ ಬೆನ್ನು ತಿರುಗಿಸಿ ತಮ್ಮ ತಮ್ಮಲ್ಲೇ ಹರಟುತ್ತಿದ್ದ ಹುಡುಗರು ಆತನಿಗೆ ಮೆಚ್ಚಿಕೆಯಾದರು. ಡಿಸೆಂಬರ್ ಮೊದಲ ವಾರದಲ್ಲಿ ಮಾತುಕತೆಗೆ ಕರೆದನು. ಹುಡುಗರು ಕ್ಯಾವರ್ನಿನ ನಿರೂಪಕ ಬಾಬ್ ವೂಲರನನ್ನು ಜೊತೆಯಲ್ಲಿ ಕರೆದುಕೊಂಡು ತಡವಾಗಿ ಬಂದರು; ಲೆನನ್ನನು ಅವನನ್ನು ತನ್ನ ತಂದೆಯೆಂದು ಪರಿಚಯಿಸಿದನು. ಪಾಲನು ಇನ್ನೂ ತಡ. ಮನೆಯಲ್ಲಿ ಸ್ನಾನ ಮಾಡುತ್ತಿದ್ದನಂತೆ. ಎಪ್‌ಸ್ಟೀನನಿಗೆ ಸಿಟ್ಟು ಬಂದರೂ ಮಾತು ಮುರಿಯಲಿಲ್ಲ.

ಆತನು ಆಲನ್ ವಿಲಿಯಮ್ಸನ ಬಳಿಗೂ ಹೋಗಿ ವಿಚಾರಿಸಿದನು. ಹಿಂದೆ ಸೇವೆ ಮಾಡಿದವನ ಹಕ್ಕು ಏನಾದರೂ ಉಳಿದಿದೆಯೆ ಎಂದು ಕೇಳಿ ತಿಳಿಯುವ ಈ ಮರ್ಯಾದೆಯನ್ನು ಆ ವ್ಯವಹಾರದಲ್ಲಿ ಎಲ್ಲರೂ ತೋರುವುದಿಲ್ಲ. ಉಳಿದಿಲ್ಲವೆಂದು ವಿಲಿಯಮ್ಸನು ಹೇಳಿ, ಆ ಹುಡುಗರ ಗೊಡವೆಗೆ ಹೋಗಬೇಡವೆಂಬ ಬುದ್ಧಿವಾದವನ್ನೂ ಉಚಿತವಾಗಿ ಕೊಟ್ಟನು.

ಇತ್ತ ಮನೆಗಳಲ್ಲಿ ಚರ್ಚೆ ನಡೆಯಿತು. ನಗರದ ದಕ್ಷಿಣಕ್ಕೆ ಬಸ್ಸು ಹಿಡಿದು ಹೋದರೆ ಆ ಮನೆಗಳಲ್ಲಿ ಎರಡನ್ನು ಇಂದಿಗೂ ನೋಡಬಹುದು. ಫೋರ್ತ್‌ಲಿನ್ ರಸ್ತೆಯ 20ನೆಯ ಮನೆ ಪೌರಸಭೆಯು ಬಾಡಿಗೆಗೆ ಕೊಟ್ಟಿದ್ದ ಸಾಲುಮನೆ. ಪಾಲನ ತಂದೆ ಜಿಮ್ ಮೆಕಾರ್ಟ್ನಿ ಹೆಂಡತಿಯನ್ನು ಕಳೆದುಕೊಂಡ ಮೇಲೆ ಇಬ್ಬರು ಮಕ್ಕಳನ್ನು ಇಲ್ಲಿ ಬೆಳೆಸಿದರು. ಜಿಮ್ ಹದಿನಾಲ್ಕನೆಯ ವಯಸ್ಸಿನಲ್ಲಿ ಹತ್ತಿಯ ಮಾದರಿಗಳನ್ನು ಹೊರುವ ಹುಡುಗನಾಗಿ ಸೇರಿ, ಹತ್ತಿ ಮಾರಾಟಗಾರನ ಹುದ್ದೆಗೆ ಏರಿದವರು. ಯೌವನದಲ್ಲಿ ತಮ್ಮದೇ ಜಾಸ್ ಮೇಳವನ್ನೂ ನಡೆಸಿದ್ದವರು. ಎರಡೂ ವ್ಯಾಪಾರಗಳ ಒಳಹೊರಗು ಅವರಿಗೆ ಗೊತ್ತಿದ್ದಿತು. ಜಾರ್ಜನ ತಂದೆ ಹೆರಾಲ್ಡ್ ಬಸ್ಸಿನ ಚಾಲಕರು. ವೂಲ್ಟನ್ನಿನ ಮೆಂಡಿಪ್ಸ್ ಎಂಬ ಮನೆಯಲ್ಲಿ ಜಾನನನ್ನು ಸಾಕಿದ್ದ ದೊಡ್ಡಮ್ಮ ಮಿಮಿಯ ಶಂಕೆಯು ಎಲ್ಲರಿಗಿಂತ ಹರಿತವಾಗಿತ್ತು. ಎಪ್‌ಸ್ಟೀನನು ಹಣವಂತ, ಈ ಹುಚ್ಚು ನಾಲ್ಕು ದಿನದಲ್ಲಿ ಇಳಿದುಹೋದರೆ ಆತನಿಗಾಗುವ ನಷ್ಟವೇನು? ಓದನ್ನೂ ಉದ್ಯೋಗವನ್ನೂ ಬಿಟ್ಟ ಹುಡುಗರ ಗತಿಯೇನು? ಬೀದಿಗೆ ಬೀಳುವವನು ಯಾರೆಂಬುದನ್ನು ಆಕೆ ಕೇಳಿದಳು. ಶೇಕಡಾ ಎಷ್ಟೆಂಬುದು ಅದರ ನಂತರದ ಮಾತು. ಎಪ್‌ಸ್ಟೀನನು ಮನೆಯಿಂದ ಮನೆಗೆ ಹೋಗಿ ಹಿರಿಯರನ್ನು ಒಪ್ಪಿಸಿದನು. ಅಂಗಡಿಯ ಲೆಕ್ಕಪತ್ರ ನೋಡಿಕೊಂಡಿರಬೇಕಾದ ಮಗನು ಹೀಗೆ ಅಲೆಯುವುದನ್ನು ಕಂಡು ಆತನ ಸ್ವಂತ ತಂದೆಗೇ ಸಮಾಧಾನವಿರಲಿಲ್ಲ.

ಹುಡುಗರ ಪ್ರಶ್ನೆಗಳು ಬೇರೆ. ತಾವು ನುಡಿಸುವ ಸಂಗೀತವನ್ನು ಬದಲಾಯಿಸುವಿರಾ ಎಂದು ಪಾಲನು ಕೇಳಿದನು. ಇಲ್ಲವೆಂಬ ಉತ್ತರ ಬಂದಿತು. ಜರ್ಮನಿಯ ರೆಕಾರ್ಡು ಕರಾರಿನಿಂದ ಬಿಡಿಸಿಕೊಡುವುದು, ಇಂಗ್ಲೆಂಡಿನ ದೊಡ್ಡ ಕಂಪನಿಯೊಂದರಲ್ಲಿ ರೆಕಾರ್ಡು ಮಾಡಿಸುವುದು, ಆಟದ ದರವನ್ನು ಏರಿಸುವುದು, ಇವು ಎಪ್‌ಸ್ಟೀನನು ಹೊತ್ತ ಹೊಣೆಗಳು. ದಲ್ಲಾಳಿಯ ಮೇಲೆ ಚೌಕಾಸಿ ನಡೆಯಿತು.

1962ರ ಜನವರಿ 24ರಂದು ಐದು ವರ್ಷದ ಕರಾರುಪತ್ರಕ್ಕೆ ಜಾನ್, ಪಾಲ್, ಜಾರ್ಜ್ ಮತ್ತು ಪೀಟ್ ನಾಲ್ವರೂ ಸಹಿ ಹಾಕಿದರು. ಎಪ್‌ಸ್ಟೀನನ ಪಾಲು ನೂರಕ್ಕೆ ಹತ್ತು. ಗಳಿಕೆ ಏರಿದರೆ ನೂರಕ್ಕೆ ಹದಿನೈದು. ಟೇಲರನು ಸಾಕ್ಷಿ ಹಾಕಿದನು. ಎಪ್‌ಸ್ಟೀನನ ಹೆಸರಿನ ಎದುರಿನ ಗೆರೆ ಮಾತ್ರ ಖಾಲಿಯಾಗಿಯೇ ಉಳಿಯಿತು. ತಾನು ಹೇಳಿದುದನ್ನು ನಡೆಸಿಕೊಡಲಾಗದಿದ್ದರೆ ಹುಡುಗರು ತೊಡಕಿಲ್ಲದೆ ಹೊರಟುಹೋಗಲಿ ಎಂಬುದು ಆತನ ಉದ್ದೇಶವಾಗಿತ್ತೆಂದು ಹೇಳುತ್ತಾರೆ. ವಕೀಲರು ನಗಬಹುದು, ಇಪ್ಪತ್ತೊಂದು ತುಂಬಿದ್ದವನು ಜಾನ್ ಒಬ್ಬನೇ ಆದುದರಿಂದ ಉಳಿದ ಮೂವರ ಸಹಿಗೂ ನ್ಯಾಯಾಲಯದಲ್ಲಿ ಬೆಲೆ ಕಡಿಮೆ. ಹೀಗೆ ಎರಡು ಕಡೆಯಿಂದಲೂ ಸಡಿಲವಾಗಿದ್ದ ಒಂದು ಕಾಗದವು ಎಂಟು ತಿಂಗಳ ಕಾಲ ಎಲ್ಲರನ್ನೂ ಬಿಗಿಯಾಗಿ ಹಿಡಿದಿಟ್ಟಿತು.

ಆ ಎಂಟು ತಿಂಗಳಲ್ಲಿ ಆತನು ಮಾಡಿದುದನ್ನು ನೋಡಿದರೆ ಹತ್ತರ ಒಂದು ಪಾಲು ಅಗ್ಗವೆಂದೇ ತೋರುತ್ತದೆ. ಯಾವ ದಿನ ಎಲ್ಲಿ ಆಟ, ಎಷ್ಟು ಗಂಟೆಗೆ ಹೊರಡಬೇಕು, ಎಷ್ಟು ಹೊತ್ತು ನುಡಿಸಬೇಕು ಎಂಬುದೆಲ್ಲ ಟೈಪು ಮಾಡಿದ ಕಾಗದದಲ್ಲಿ ಹುಡುಗರ ಕೈ ಸೇರುತ್ತಿತ್ತು. ವೇದಿಕೆಯ ಮೇಲೆ ತಿನ್ನಬಾರದು, ಬೈಯಬಾರದು, ಆಟ ಮುಗಿದ ಮೇಲೆ ಸೊಂಟ ಬಾಗಿಸಿ ವಂದಿಸಬೇಕು. ನದಿಯಾಚೆಯ ಬರ್ಕನ್‌ಹೆಡ್ಡಿನ ದರ್ಜಿಯೊಬ್ಬನಿಂದ ಸೂಟುಗಳಾದವು. ಕ್ಯಾವರ್ನಿನ ಮಧ್ಯಾಹ್ನದ ದರ 10 ಪೌಂಡಿಗೇರಿತು. ಜರ್ಮನಿಯ ಕರಾರಿನಿಂದ ಬಿಡುಗಡೆಯೂ ದೊರೆಯಿತು. ರೆಕಾರ್ಡು ಕಂಪನಿಗಳ ವಿಷಯದಲ್ಲಿ ಮಾತ್ರ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. 1962ರ ಹೊಸವರ್ಷದ ದಿನ ಲಂಡನ್ನಿನ ಡೆಕ್ಕಾ ಕಂಪನಿಯಲ್ಲಿ ಹದಿನೈದು ಹಾಡುಗಳನ್ನು ಹಾಡಿಸಿದ್ದರೂ ಅವರು ಬೇಡವೆಂದರು. ಹಾಡಿನ ನಾಡಾದ ಲಂಡನ್ನಿಗೆ ಲಿವರ್‌ಪೂಲೆಂದರೆ ಹಳ್ಳಿಮೂಲೆ. ಎಪ್‌ಸ್ಟೀನನು ಮತ್ತೆ ಮತ್ತೆ ರೈಲು ಹತ್ತಿದನು. ಕೊನೆಗೆ ಇಎಂಐ ಸಂಸ್ಥೆಯ ಪಾರ್ಲೊಫೋನ್ ವಿಭಾಗದ ಜಾರ್ಜ್ ಮಾರ್ಟಿನ್ ಒಪ್ಪಿದರು. ಜೂನ್ 6ರಂದು ಹುಡುಗರು ಲಂಡನ್ನಿನಲ್ಲಿ ಅವರೆದುರಿಗೆ ನುಡಿಸಿದರು. ರೆಕಾರ್ಡೊಂದಕ್ಕೆ ನಾಲ್ವರಿಗೂ ಸೇರಿ ದೊರೆಯುತ್ತಿದ್ದುದು ಒಂದು ಪೆನ್ನಿ, ಎಂದರೆ ತಲೆಗೆ ಕಾಲು ಪೆನ್ನಿ! ದಲ್ಲಾಳಿಯ ಮೇಲೆ ಅಷ್ಟು ಚೌಕಾಸಿ ಮಾಡಿದವರು ಇದನ್ನು ತುಟಿಪಿಟಕ್ಕೆನ್ನದೆ ಒಪ್ಪಿದರು.

ಆಗಸ್ಟ್ 16ರಂದು ಪೀಟ್ ಬೆಸ್ಟನನ್ನು ಕಚೇರಿಗೆ ಕರೆಸಿ ಮೇಳದಿಂದ ತೆಗೆದಿರುವುದಾಗಿ ತಿಳಿಸುವ ಕಹಿ ಕೆಲಸವೂ ಎಪ್‌ಸ್ಟೀನನ ಪಾಲಿಗೇ ಬಂದಿತು. ನಿರ್ಧಾರ ಉಳಿದ ಮೂವರದು; ಹೇಳುವ ಬಾಯಿ ಮ್ಯಾನೇಜರನದು. ಬದಲಿಗೆ ಬಂದ ರಿಂಗೋ ಸ್ಟಾರ್ ಅದುವರೆಗೆ ರೋರಿ ಸ್ಟಾರ್ಮ್ ಎಂಬಾತನ ಮೇಳದಲ್ಲಿದ್ದನು. 1960ರಲ್ಲಿ ಲಿವರ್‌ಪೂಲಿನಲ್ಲಿ ಬೀಟಲ್ಸರಿಗಿಂತ ದೊಡ್ಡ ಹೆಸರು ರೋರಿಯದು. ಎಪ್‌ಸ್ಟೀನನು ಮುಂದೆ ಕೈಹಿಡಿದ ಊರಿನ ಕಲಾವಿದರ ಸಾಲಿನಲ್ಲಿ ಆ ಮೇಳವು ಸೇರಲಿಲ್ಲ. ಒಂದು ರೆಕಾರ್ಡನ್ನು ಮಾತ್ರ 1964ರಲ್ಲಿ ಆತನು ಮಾಡಿಸಿದನು. ರೋರಿ ಕೊನೆಯವರೆಗೂ ಈ ಊರಿನವನಾಗಿಯೇ ಉಳಿದು 1972ರಲ್ಲಿ ತೀರಿಕೊಂಡನು. ಏಜೆಂಟನಿದ್ದಿದ್ದರೆ ಅವನೂ ಜಗತ್ತನ್ನು ಗೆಲ್ಲುತ್ತಿದ್ದನೆಂದು ಹೇಳುವುದು ಸುಲಭ, ಆದರೆ ನಿಜವಾಗಬೇಕಾಗಿಲ್ಲ.

ಅಕ್ಟೋಬರ್ 1ರಂದು ಹೊಸ ಕರಾರಾಯಿತು. ಈ ಸಲ ಎಪ್‌ಸ್ಟೀನನೂ ಸಹಿ ಹಾಕಿದನು. ಇನ್ನೂ ಇಪ್ಪತ್ತೊಂದು ತುಂಬದ ಪಾಲ್ ಮತ್ತು ಜಾರ್ಜರ ಪರವಾಗಿ ಹತ್ತಿ ಮಾರುವ ಜಿಮ್, ಬಸ್ಸು ನಡೆಸುವ ಹೆರಾಲ್ಡ್ ಇಬ್ಬರೂ ತಮ್ಮ ಹೆಸರು ಬರೆದರು. ಪಾಲು ಗಳಿಕೆಗನುಸಾರವಾಗಿ ನೂರಕ್ಕೆ 15, 20, 25ಕ್ಕೇರಿತು. ಪ್ರಯಾಣ, ವಸತಿ, ಉಡುಪಿನ ವೆಚ್ಚಗಳು ಹುಡುಗರ ಪಾಲಿನಿಂದಲೇ ಕಳೆಯಬೇಕು. ಒಟ್ಟು ಹುಟ್ಟುವಳಿಯ ಕಾಲು ಭಾಗವೆಂದರೆ ಉಳಿಕೆಯ ಕಾಲು ಭಾಗಕ್ಕಿಂತ ಬಹಳ ದೊಡ್ಡದೆಂಬುದನ್ನು ಸಂಸಾರಸ್ಥರಿಗೆ ವಿವರಿಸಬೇಕಾಗಿಲ್ಲ. ನಾಲ್ಕು ದಿನಗಳ ಮೇಲೆ, ಅಕ್ಟೋಬರ್ 5ರಂದು, ಅವರ ಮೊದಲ ರೆಕಾರ್ಡು ಹೊರಬಿದ್ದಿತು.

ದೇಶವ್ಯಾಪಿ ಪ್ರವಾಸಗಳನ್ನು ಏರ್ಪಡಿಸುವ ಶಕ್ತಿ ತನಗಿಲ್ಲವೆಂಬುದನ್ನು ಎಪ್‌ಸ್ಟೀನನು ಬಲ್ಲವನಾಗಿದ್ದನು. ಅದಕ್ಕಾಗಿ ಆರ್ಥರ್ ಹೌಸ್ ಎಂಬ ವ್ಯವಸ್ಥಾಪಕನನ್ನು ಹಿಡಿದು, ಡಿಸೆಂಬರ್ 2ರಂದು ಪೀಟರ್‌ಬರೋ ಊರಿನಲ್ಲಿ ಸಂಭಾವನೆಯಿಲ್ಲದೆ, ದಾರಿಖರ್ಚಿಗಷ್ಟೆ ಹುಡುಗರನ್ನು ನುಡಿಸಿದನು. ಪ್ರೇಕ್ಷಕರು ತಣ್ಣಗಿದ್ದರು. ಆದರೂ ಹೌಸನು ಬಿಡಲಿಲ್ಲ. 1963ರ ಫೆಬ್ರವರಿಯಲ್ಲಿ ಹೆಲೆನ್ ಶಪೀರೋಳ ಪ್ರವಾಸದಲ್ಲಿ ಅವರಿಗೆ ಜಾಗ ಕೊಟ್ಟನು. ಆ ವರ್ಷವೇ ನಾಡೆಲ್ಲ ಹುಚ್ಚೆದ್ದಿತು. ಹಿಂದೆ ಸಣ್ಣ ದರಕ್ಕೆ ಒಪ್ಪಿಕೊಂಡಿದ್ದ ಡ್ಯಾನ್ಸ್ ಹಾಲುಗಳ ಆಟಗಳನ್ನು ಆಗ ರದ್ದುಪಡಿಸಿದ್ದರೆ ಯಾರೂ ತಡೆಯುತ್ತಿರಲಿಲ್ಲ. ಎಪ್‌ಸ್ಟೀನನು ಅವನ್ನು ಹಳೆಯ ದರಕ್ಕೇ ನಡೆಸಿಕೊಟ್ಟನು. 1963ರ ಆಗಸ್ಟ್ 3ರಂದು ಕ್ಯಾವರ್ನಿನಲ್ಲಿ ಕಡೆಯ ಆಟ; ಸಂಭಾವನೆ 300 ಪೌಂಡು.

ಆತನು ತಪ್ಪೆಸಗಲಿಲ್ಲವೆಂದಲ್ಲ. ಅಮೆರಿಕೆಯಲ್ಲಿ ಬೀಟಲ್ಸರ ಹೆಸರು ಹಚ್ಚಿದ ಬೊಂಬೆ, ಟೋಪಿ, ಬಾಚಣಿಗೆಗಳ ಮಾರಾಟದ ಹಕ್ಕನ್ನು ಕೊಡುವಾಗ ನೂರಕ್ಕೆ 90 ಪಾಲು ಪರರಿಗೆ ಹೋಗಿ 10 ಮಾತ್ರ ತಮ್ಮ ಕಡೆಗೆ ಉಳಿಯಿತು. ದಲ್ಲಾಳಿಗಳ ಊರಿನವನು ಇಷ್ಟೊಂದು ಸೋತದ್ದು ಸೋಜಿಗವೇ ಸರಿ. 1967ರ ಜನವರಿಯಲ್ಲಿ ಇಎಂಐಯೊಡನೆ ಮಾಡಿದ ಒಂಬತ್ತು ವರ್ಷದ ಕರಾರಿನಲ್ಲಿ, ಮ್ಯಾನೇಜರಿಕೆಯ ಕರಾರು ಅದೇ ವರ್ಷ ಮುಗಿಯಲಿದ್ದರೂ, ಒಂಬತ್ತು ವರ್ಷವೂ ನೂರಕ್ಕೆ 25 ನೆಮ್ಸಿಗೇ ಸಲ್ಲುವಂತೆ ಬರೆಯಲಾಗಿತ್ತು. ಹುಡುಗರು ಓದಿ ಸಹಿ ಹಾಕಿದರೋ ಓದದೆ ಹಾಕಿದರೋ! ಆಗಸ್ಟ್ 27ರಂದು ಎಪ್‌ಸ್ಟೀನನು ಲಂಡನ್ನಿನ ತನ್ನ ಮನೆಯಲ್ಲಿ ಮೂವತ್ತೆರಡನೆಯ ವಯಸ್ಸಿಗೆ ತೀರಿಕೊಂಡನು.

ಆ ಮೇಲೆ ಲಿವರ್‌ಪೂಲಿನ ಪ್ರಶ್ನೆಯೇ ಲಂಡನ್ನಿನಲ್ಲಿ ಮತ್ತೊಮ್ಮೆ ತಲೆಯೆತ್ತಿತು. 1969ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಆಲೆನ್ ಕ್ಲೈನ್ ಎಂಬುವನಿಗೆ ನೂರಕ್ಕೆ 20ರ ಮೇಲೆ ವ್ಯವಹಾರ ಒಪ್ಪಿಸಲು ಜಾನ್, ಜಾರ್ಜ್, ರಿಂಗೋ ಸಹಿ ಹಾಕಿದರು. ನೂರಕ್ಕೆ 15 ಸಾಕು, ಅವಸರವೇಕೆ ಎಂದು ಪಾಲನು ಒಲಿಂಪಿಕ್ ಸ್ಟುಡಿಯೋದಲ್ಲಿ ಪಟ್ಟು ಹಿಡಿದು ಕುಳಿತನು, ಮೂವರೂ ಎದ್ದುಹೋದರು. 1970ರ ಡಿಸೆಂಬರ್ 31ರಂದು ಪಾಲನು ನ್ಯಾಯಾಲಯದ ಮೊರೆಹೊಕ್ಕನು. 1973ರಲ್ಲಿ ಆ ಮೂವರೂ ಕ್ಲೈನನ ಮೇಲೆ ದಾವೆ ಹೂಡಿದರು.

ಅದೇ 1973ರಲ್ಲಿ ಕ್ಯಾವರ್ನ್ ಮುಚ್ಚಿತು. ನೆಲದಡಿಯ ರೈಲಿಗೆ ಗಾಳಿಯ ಬಾವಿ ತೋಡಲೆಂದು ಮೇಲಿನ ಉಗ್ರಾಣವನ್ನು ಕೆಡವಿ ನೆಲಮಾಳಿಗೆಯನ್ನು ತುಂಬಿದರು. ಇಂದು ಪ್ರವಾಸಿಗನು ಇಳಿಯುವ ಕ್ಯಾವರ್ನು, ಹಳೆಯ ಇಟ್ಟಿಗೆಗಳನ್ನು ಬಳಸಿ ಬಹುಪಾಲು ಅದೇ ಜಾಗದಲ್ಲಿ ಕಟ್ಟಿ 1984ರಲ್ಲಿ ತೆರೆದದ್ದು. ಬೆವರಿನ ಮಳೆ ಈಗಿಲ್ಲ, ಟಿಕೆಟ್ಟಿದೆ. ವೈಟ್‌ಚಾಪೆಲಿನಲ್ಲಿ ನೆಮ್ಸ್ ಇದ್ದ ಕಡೆಯ ಸಮೀಪದಲ್ಲಿ 2022ರ ಆಗಸ್ಟಿನಲ್ಲಿ ಎಪ್‌ಸ್ಟೀನನ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. ಪೀಠವಿಲ್ಲ; ಅಂಗಡಿಯ ಚೀಲ ಹಿಡಿದ ಜನರ ನಡುವೆಯೇ, ಸೂಟು ಧರಿಸಿ, ಎಲ್ಲಿಗೋ ಹೊರಟವನಂತೆ ಆತನು ಹೆಜ್ಜೆ ಹಾಕುತ್ತಿದ್ದಾನೆ. ಆಲನ್ ವಿಲಿಯಮ್ಸನಿಗೆ ಸಿಕ್ಕದ ದಲ್ಲಾಳಿ ಇನ್ನೊಂದು ರೂಪದಲ್ಲಿ ಸಿಕ್ಕಿತೆನ್ನಬಹುದು. ಬೀಟಲ್ಸರನ್ನು ಕೈಯಾರೆ ಬಿಟ್ಟುಕೊಟ್ಟವನೆಂಬ ಬಿರುದನ್ನು ತಾನೇ ಹೊತ್ತು, ಅದನ್ನೇ ಹೆಸರಾಗಿಸಿ 1975ರಲ್ಲಿ ಪುಸ್ತಕ ಹೊರತಂದನು. ಊರಿಗೆ ಬಂದವರಿಗೆ ಆ ಕತೆಯನ್ನು ಮುಪ್ಪಿನವರೆಗೂ ಹೇಳುತ್ತ, 2016ರ ಡಿಸೆಂಬರಿನಲ್ಲಿ ಕಣ್ಣುಮುಚ್ಚಿದನು. ಸ್ಲೇಟರ್ ಸ್ಟ್ರೀಟಿನ ಜಕರಂಡದ ನೆಲಮಾಳಿಗೆಯಲ್ಲಿ ಹೊಸ ಹುಡುಗರ ಮೇಳಗಳು ಈಗಲೂ ನುಡಿಸುತ್ತವೆ.